ಸಂಪಾದಕರ ಉತ್ತರ: ಬರೀ ಕೈಗಳೇ ಯಾಕೆ?

ಡೊಂಬಿವಲಿಯ ಹಿರಿಯರಿಗೆ ನಮಸ್ಕಾರ.

ನಿಮ್ಮ ಎರಡು ಪುಟದ ಪತ್ರ ಬಂತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಮುಂಬೈಯ ಕಿವುಡ ಕಲಾವಿದೆಯೊಬ್ಬರ ಚಿತ್ರಪ್ರದರ್ಶನದ ಬಗ್ಗೆ ನಾವು ಬರೆದದ್ದನ್ನು ಓದಿ, ಲೋಕಲ್ ಹತ್ತಿ ಮಾಟುಂಗಾಕ್ಕೆ ಬಂದು ನೋಡಿದ್ದೀರಿ. ನಿಮಗೆ ಹಿಡಿಸಲಿಲ್ಲ. "ಎಲ್ಲ ಚಿತ್ರದಲ್ಲೂ ಬರೀ ಕೈಗಳೇ. ಚಿತ್ರಕಾರ ಸತೀಶ್ ಗುಜ್ರಾಲ್ ಅವರಿಗೂ ಕಿವಿ ಕೇಳುತ್ತಿರಲಿಲ್ಲ. ಅವರು ಕೈ ಬಿಡಿಸುತ್ತ ಕೂತರೇ?" ಎಂದು ಕೇಳಿದ್ದೀರಿ. 'ಕಿವುಡ' ಎಂದು ಅಚ್ಚು ಹಾಕಿದ್ದು ಒರಟಾಯಿತು ಎಂದಿದ್ದೀರಿ. ಆಮೇಲೆ ಸಹಿಯ ಕೆಳಗೆ, ಬೇರೆ ಪೆನ್ನಿನಲ್ಲಿ, ಎರಡು ಸಾಲು ಸೇರಿಸಿದ್ದೀರಿ. ನಾಲ್ಕು ವರ್ಷದ ಮೊಮ್ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಸನ್ನೆ ಕಲಿಸಿದರೆ ಬಾಯಿ ಮಾತು ಬರುವುದೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ ಎಂದು.

ಆ ಎರಡು ಸಾಲಿಗಾಗಿಯೇ ಈ ಸಲ ಇಷ್ಟು ಜಾಗ ತೆಗೆದುಕೊಂಡಿದ್ದೇನೆ.

ಮೊದಲು ಪದದ ವಿಷಯ. ನಮ್ಮ ಮನೆಗಳಲ್ಲಿ ಕಿವುಡ ಎನ್ನುವುದು ಬೈಗುಳದ ಹಾಗೇ ಬಳಕೆಯಾಗಿದೆ. 'ಕಿವುಡನ ಮುಂದೆ ಶಂಖ ಊದಿದಂತೆ' ಎಂಬ ಗಾದೆಯೂ ಇದೆ. ಹಾಗಾಗಿ ನಾನೂ ಮೊದಲು 'ಶ್ರವಣದೋಷವುಳ್ಳ' ಎಂದೇ ಬರೆದಿದ್ದೆ. ಕಲಾವಿದೆಯ ಅಕ್ಕ ಆ ಬರಹವನ್ನು ಓದಿ ತಂಗಿಗೆ ಸನ್ನೆಯಲ್ಲಿ ಹೇಳಿದರು. 'ದೋಷ' ಬಂದಾಗ ತಂಗಿ ಕೈ ಎತ್ತಿ ನಿಲ್ಲಿಸಿದರು. "ಕಿವುಡಿ ಅಂತಲೇ ಬರೆಯಿರಿ, ಅದರಲ್ಲಿ ನಾಚಿಕೆ ಏನಿದೆ? ಮೂಗಿ ಅಂತ ಮಾತ್ರ ಬೇಡ. ನಾನು ಮಾತಾಡ್ತೇನೆ ಅಲ್ವಾ?" ಎಂದರು. ಅವರು ಆರಿಸಿಕೊಂಡ ಪದವನ್ನೇ ಹಾಕಿದೆವು.

ಇನ್ನು ಗುಜ್ರಾಲ್. ಅವರು ಹುಟ್ಟಿದ್ದು 1925ರಲ್ಲಿ. ಕಿವಿ ಹೋದದ್ದು ಎಂಟನೆಯ ವಯಸ್ಸಿಗೆ, ಕಾಶ್ಮೀರದಲ್ಲಿ ಆದ ಅಪಘಾತದ ನಂತರ. ಅಷ್ಟರಲ್ಲಿ ಮನೆಮಾತು ಅವರ ಬಾಯಲ್ಲಿ ಕೂತಾಗಿತ್ತು. 1944ರಲ್ಲಿ ಅವರು ನಮ್ಮ ಊರಿನ ಜೆ.ಜೆ. ಕಲಾಶಾಲೆಗೇ ಬಂದರು. ಮುಂದೆ ದೇಶ ಒಡೆದಾಗ ಕಣ್ಣಾರೆ ಕಂಡ ಸಂಕಟವನ್ನು ಚಿತ್ರಗಳಲ್ಲಿ ಬರೆದರು. ಅವರನ್ನು ಸುಟ್ಟದ್ದು ಅದು. ನಮ್ಮ ಕಲಾವಿದೆ ಹುಟ್ಟಿನಿಂದಲೇ ಕಿವುಡರು. ಅವರನ್ನು ಸುಟ್ಟದ್ದು ಬೇರೆ.

ಬಾಗಿಲ ಪಕ್ಕದ ಚಿತ್ರ ನೆನಪಿದೆಯೇ? ಶಾಲೆಯ ಬೆಂಚು, ಅದರ ಮೇಲೆ ಪುಟ್ಟ ಹುಡುಗಿ. ಎಲ್ಲ ಚಿತ್ರದಲ್ಲೂ ಕೈಗಳೇ ಎಂದಿರಿ. ಆ ಒಂದರಲ್ಲಿ ಮಾತ್ರ ಕೈ ಕಾಣುವುದಿಲ್ಲ. ಹುಡುಗಿ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತಿದ್ದಾಳೆ. ಅವರ ಶಾಲೆಯಲ್ಲಿ ಹಾಗೆ ಕೂರಿಸುತ್ತಿದ್ದರು, ಸನ್ನೆ ಮಾಡಬಾರದೆಂದು. ಮರೆತು ಕೈ ಎತ್ತಿದರೆ ಗೆಣ್ಣಿನ ಮೇಲೆ ಸ್ಕೇಲಿನ ಏಟು. ಆ ಚಿತ್ರ ನೋಡಿದ ಮೇಲೆ ಉಳಿದ ಕೈಗಳನ್ನೆಲ್ಲ ನಾನು ಇನ್ನೊಂದು ಸಲ ಸುತ್ತು ಹಾಕಿ ನೋಡಿದೆ.

ಇದು ಒಂದು ಶಾಲೆಯ ಕತೆ ಅಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಮ್ಮೇಳನ ನಡೆಸಿ, ಕಲಿಕೆಯಲ್ಲಿ ಬಾಯಿ ಮಾತೇ ಮೇಲು, ಸನ್ನೆ ಬೇಡ ಎಂದು ತೀರ್ಮಾನಿಸಿದರು. ಅಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಐದು ವರ್ಷದ ಮೇಲೆ, 1885ರಲ್ಲಿ, ನಮ್ಮ ದೇಶದ ಮೊದಲ ಕಿವುಡರ ಶಾಲೆ ಈ ಮುಂಬೈಯಲ್ಲೇ ಶುರುವಾಯಿತು. ಆ ನಂಬಿಕೆ ಇಲ್ಲಿಯ ಶಾಲೆಗಳಲ್ಲೂ ಬಹಳ ಕಾಲ ಉಳಿಯಿತು. ಮಿಲಾನಿನ ತೀರ್ಮಾನಕ್ಕೆ ಅದೇ ಸಮ್ಮೇಳನದವರು ವಿಷಾದ ಹೇಳಿದ್ದು 2010ರಲ್ಲಿ. 130 ವರ್ಷ! ಎಷ್ಟು ಮಕ್ಕಳು ಕೈ ಮೇಲೆ ಕೂತಿದ್ದರೋ.

ಕೈಗಳನ್ನೇ ಬರೆದವರಲ್ಲಿ ಇವರು ಮೊದಲಿನವರೂ ಅಲ್ಲ. ಅಮೆರಿಕದ ಕಿವುಡ ಕಲಾವಿದೆ ಬೆಟ್ಟಿ ಮಿಲ್ಲರ್ 1972ರಲ್ಲೇ ಬೇಡಿ ತೊಡಿಸಿದ, ಬೆರಳು ಕತ್ತರಿಸಿದ ಕೈಗಳನ್ನು ಬರೆದಿದ್ದರು. ನೋಡಿದರೆ ಹೊಟ್ಟೆ ಹಿಂಡುತ್ತದೆ.

ನಾಟ್ಯದ ಮುದ್ರೆಗಳ ಹಾಗಿವೆ ಎಂದೂ ಬರೆದಿದ್ದೀರಿ. ಯಕ್ಷಗಾನ, ಭರತನಾಟ್ಯ ನೋಡಿ ಬೆಳೆದ ನಮಗೆ ಹಾಗನ್ನಿಸುವುದು ಸಹಜ. ಆದರೆ ಮುದ್ರೆ ಹಾಡಿನ ಜೊತೆ ಹೋಗುತ್ತದೆ. ಸನ್ನೆ ಭಾಷೆಗೆ ಹಾಡು ಬೇಕಿಲ್ಲ, ಅದೇ ಮಾತು. ಅದರಲ್ಲಿ ಬಂಗುಡೆಯ ರೇಟು ಚೌಕಾಸಿ ಮಾಡಬಹುದು, ಅತ್ತೆಯ ಮೇಲೆ ದೂರು ಹೇಳಬಹುದು, ದೇವರ ಬಗ್ಗೆ ವಾದ ಮಾಡಬಹುದು. ವ್ಯಾಕರಣವೂ ಇದೆ. ನನಗೆ ಖುಷಿ ಕೊಟ್ಟ ಸಂಗತಿ ಇದು: ಭಾರತೀಯ ಸನ್ನೆ ಭಾಷೆಯಲ್ಲಿ ಪ್ರಶ್ನೆಯ ಪದ ಕೊನೆಗೆ ಬರುತ್ತದೆ. 'ನಿನ್ನ ಹೆಸರು ಏನು', 'ಮನೆ ಎಲ್ಲಿ', ನಮ್ಮ ಕನ್ನಡದ ಹಾಗೇ. 'ಬರ್ತೀಯಾ?' ಎಂದು ಕೇಳಲು ಹುಬ್ಬು ಏರಬೇಕು. ಕೈಯೊಂದೇ ಸಾಲದು, ಮುಖವೂ ಮಾತಾಡಬೇಕು. 2018ರಲ್ಲಿ 3,000 ಪದಗಳೊಂದಿಗೆ ಬಂದ ಇದರ ನಿಘಂಟು 2021ಕ್ಕೆ 10,000 ಪದಕ್ಕೆ ಬೆಳೆಯಿತು.

ನನಗೆ ತುಂಬಾ ಹಿಡಿಸಿದ್ದು ದಾದರ್ ಸ್ಟೇಷನ್ನಿನ ಚಿತ್ರ. ಆಚೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳು, ಈಚೆ ಒಬ್ಬಳು, ನಡುವೆ ಹಳಿಗಳು. ಸುತ್ತ ಜನ ಬಾಯಿ ತೆರೆದು ಕೂಗುತ್ತಿದ್ದಾರೆ, ಯಾರಿಗೂ ಏನೂ ಕೇಳಿಸುತ್ತಿಲ್ಲ. ಇವರಿಬ್ಬರು ಮಾತ್ರ ಹಾಯಾಗಿ ಹರಟುತ್ತಿದ್ದಾರೆ. ಇದು ಕಲ್ಪನೆ ಅಲ್ಲ. ಲೋಕಲ್ಲಿನ ಅಂಗವಿಕಲರ ಡಬ್ಬಿಯಲ್ಲಿ ಕಿವುಡ ಗೆಳೆಯರು ದಿನಾ ಸೇರಿ ಮಾತಾಡುವುದನ್ನು ನೀವೂ ಕಂಡಿರುತ್ತೀರಿ. ಸಂಜೆಯ ಗದ್ದಲದಲ್ಲಿ ಅಷ್ಟು ಸುಖವಾಗಿ ಮಾತಾಡುವವರು ಅವರು ಮಾತ್ರ.

ಈಗ ನಿಮ್ಮ ಮೊಮ್ಮಗಳು. ನಾನು ವೈದ್ಯ ಅಲ್ಲ. ಆದರೆ ಸನ್ನೆ ಕಲಿತರೆ ಬಾಯಿ ಮಾತು ಕೆಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಇದನ್ನು ಧೈರ್ಯವಾಗಿ ಹೇಳಬಲ್ಲೆ. ಕಿವಿ ಮಷೀನು, ಮಾತಿನ ತರಬೇತಿ ಎಲ್ಲ ನಡೆಯಲಿ, ಬೇಡ ಎನ್ನುವುದಿಲ್ಲ. ಆದರೆ ಮಾತು ಬರಲಿ ಎಂದು ಕಾಯುತ್ತ ಮಗುವನ್ನು ಯಾವ ಭಾಷೆಯೂ ಇಲ್ಲದೆ ಬೆಳೆಸಬೇಡಿ. ಭಾಷೆ ಕೂರುವ ವಯಸ್ಸು ಇದೇ. ಹೊಟ್ಟೆ ಯಾಕೆ ನೋಯುತ್ತಿದೆ, ಅಮ್ಮ ಆಫೀಸಿನಿಂದ ಯಾವಾಗ ಬರುತ್ತಾಳೆ, ರಾತ್ರಿ ಯಾಕೆ ಕತ್ತಲು, ಇದೆಲ್ಲ ಅವಳು ಈಗಲೇ ಕೇಳಬೇಕು. ನೀವು ಈಗಲೇ ಹೇಳಬೇಕು. ಅದಕ್ಕೆ ನೀವೂ ಕಲಿಯಬೇಕಾಗುತ್ತದೆ, ಅಜ್ಜಿಯೂ ಕಲಿಯಬೇಕಾಗುತ್ತದೆ. ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಮಾತು-ಶ್ರವಣ ಸಂಸ್ಥೆ ಇದೆ. ಒಮ್ಮೆ ಹೋಗಿ ವಿಚಾರಿಸಿ.

ನಿಮ್ಮ ಪತ್ರದ ವಿಷಯವನ್ನು, ಹೆಸರು ಹೇಳದೆ, ಕಲಾವಿದೆಗೆ ತಿಳಿಸಿದೆ. ಕೈಗಳ ಬಗ್ಗೆ ನೀವು ಬರೆದದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ. ಮಗುವಿಗೆ ಸನ್ನೆಯ ಹೆಸರು ಇದೆಯೇ ಎಂದಷ್ಟೇ ಕೇಳಿದರು. ಕಿವುಡರು ತಮ್ಮವರಿಗೆ ಹಾಗೊಂದು ಹೆಸರು ಇಡುತ್ತಾರೆ. ಕೆನ್ನೆಯ ಗುಳಿ, ಗುಂಗುರು ಕೂದಲು, ನಗುವ ರೀತಿ, ಹೀಗೆ ಏನಾದರೊಂದು ಹಿಡಿದು. ಇನ್ನೂ ಇಲ್ಲ ಅನ್ನಿಸುತ್ತದೆ ಎಂದೆ. ನೋಡದೆ ಹೆಸರಿಡಲು ಆಗುವುದಿಲ್ಲ, ಕರೆದುಕೊಂಡು ಬರಲು ಹೇಳಿ ಎಂದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರು ಮಾಟುಂಗಾದಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾರೆ. ನಮ್ಮ ಕಚೇರಿಗೆ ಒಂದು ಫೋನ್ ಮಾಡಿ. ಸ್ಟೇಷನ್ನಿಗೆ ನಾನೇ ಬಂದು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ಸಂಪಾದಕ