ಸುಮೇರಿಯನ್ ಕಸುಬಿನ ಹೆಸರುಗಳ ಮೂಲ

ಪ್ರಶ್ನೆ: ನಮ್ಮ ಕುಂಬಾರಪೇಟೆ, ಗಾಣಿಗರಪೇಟೆಗಳ ಹೆಸರು ಕೇಳಿದೊಡನೆ ಕಸುಬು ತಿಳಿಯುತ್ತದೆ. ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಪ್ರಾಚೀನ ಸುಮೇರಿಯನ್ನರ ಕಸುಬಿನ ಪದಗಳು ಅವರ ಸ್ವಂತದವೇ, ಎರವಲೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಎಲ್ಲ ಪದಗಳಿಗೂ ಒಂದೇ ಉತ್ತರ ಸಲ್ಲುವುದಿಲ್ಲ. ಜೇಡಿಮಣ್ಣಿನ ಫಲಕದ ಮೇಲೆ ಬರೆಯುವ ಲಿಪಿಕಾರನನ್ನು ಅವರು ‘ದುಬ್‌ಸರ್’ ಎನ್ನುತ್ತಿದ್ದರು. ‘ದುಬ್’ ಎಂದರೆ ಫಲಕ, ‘ಸರ್’ ಎಂದರೆ ಬರೆ, ಆದ್ದರಿಂದ ಇದು ಅಚ್ಚ ಸುಮೇರಿಯನ್ ಸಮಾಸ. ಆದರೆ ಬಡಗಿಯ ‘ನಗರ್’, ಕಮ್ಮಾರನ ‘ಸಿಮುಗ್’, ಚರ್ಮದ ಕೆಲಸಗಾರನ ‘ಅಷ್‌ಗಬ್’ ಎಂಬ ಪದಗಳು ಹಾಗೆ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲವಾದ್ದರಿಂದ, ಇವು ಸುಮೇರಿಯನ್ನರಿಗಿಂತ ಮೊದಲೇ ಅಲ್ಲಿ ನೆಲೆಸಿದ್ದ ಬೇರೊಂದು ಜನರ ನುಡಿಯವು ಎಂದು 1940ರ ದಶಕದಲ್ಲಿ ವಿದ್ವಾಂಸ ಬೆನ್ನೊ ಲಾಂಡ್ಸ್‌ಬರ್ಗರ್ ವಾದಿಸಿದರು. ವಾದ ಆಕರ್ಷಕವಾದರೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ, ಏಕೆಂದರೆ ಬಿಡಿಸಲಾಗದ ಪದವೆಲ್ಲ ಪರಭಾಷೆಯದೇ ಆಗಬೇಕೆಂದಿಲ್ಲ. 1999ರಲ್ಲಿ ವಿದ್ವಾಂಸ ಗೊಂಜಾಲೊ ರುಬಿಯೊ ಅವರೂ ಈ ವಾದವನ್ನು ವಿವರವಾಗಿ ಪ್ರಶ್ನಿಸಿದ್ದಾರೆ. ಲಾಂಡ್ಸ್‌ಬರ್ಗರ್ ಅವರ ಪದಪಟ್ಟಿಯಲ್ಲಿದ್ದ ‘ದಮ್‌ಗರ್’ (ವ್ಯಾಪಾರಿ) ಎಂಬುದಂತೂ ನೆರೆಯ ಅಕ್ಕಾಡಿಯನ್ ಭಾಷೆಯ ‘ತಮ್‌ಕಾರು’ವಿಗೆ ಸೇರಿದ್ದು, ವ್ಯಾಪಾರವನ್ನು ಸೂಚಿಸುವ ಮ-ಕ-ರ ಧಾತು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎರವಲು ಎದುರು ದಿಕ್ಕಿನಲ್ಲಿಯೂ ಸಾಗಿತು. ಸುಮೇರಿಯನ್ನಿನಲ್ಲಿ ‘ಮಾ’ ಎಂದರೆ ದೋಣಿ, ‘ಮಾಲಹ್’ ಎಂದರೆ ಅಂಬಿಗ. ಈ ಪದ ಅಕ್ಕಾಡಿಯನ್, ಅರಾಮಿಕ್, ಅರಬ್ಬಿ ಭಾಷೆಗಳನ್ನು ಹಾದು ಹಿಂದಿಯಲ್ಲಿ ‘ಮಲ್ಲಾಹ್’ ಆಗಿ ಇಂದಿಗೂ ಬಳಕೆಯಲ್ಲಿದೆ. ‘ನಗರ್’ ಕೂಡ ಇದೇ ದಾರಿಯಲ್ಲಿ ಅರಬ್ಬಿಯ ‘ನಜ್ಜಾರ್’ ಆಯಿತು.