ಕಾಸರಗೋಡಿನ ಕೆರೆಯಲ್ಲಿ ಈಜು ಕಲಿತ ಹದಿನಾಲ್ಕರ ಹುಡುಗಿಗೆ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ, ಅಂದರೆ ಕಪ್ಪೆ ಈಜಿನಲ್ಲಿ, ಮುಂದೆ ಎಷ್ಟು ವರ್ಷ ಸಿಗಬಹುದು?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಲಿಥುವೇನಿಯಾದ ರೂಟಾ ಮೈಲುಟೀಟೆಯನ್ನೇ ನೋಡಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಚಿನ್ನ ಗೆದ್ದಾಗ ಅವಳಿಗೆ ಬರೀ 15. 2019ರಲ್ಲಿ ನಿವೃತ್ತಿ ಅಂದಳು. ಆಮೇಲೆ ಮತ್ತೆ ನೀರಿಗಿಳಿದು 2023ರಲ್ಲಿ ಜಪಾನಿನ ಫುಕುಒಕದಲ್ಲಿ 50 ಮೀಟರ್ 29.16 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದಳು. ಆಗ ವಯಸ್ಸು 26.

ನಮ್ಮ ದೇಶದವರಲ್ಲಿ ಸಂದೀಪ್ ಸೇಜ್ವಾಲ್ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದವರು. ಏಷ್ಯನ್ ಗೇಮ್ಸ್ ಕಂಚು ಬಂದದ್ದು 2014ರಲ್ಲಿ, 50 ಮೀಟರಿನಲ್ಲಿ. ಆರು ವರ್ಷ ಕಾಯಬೇಕಾಯಿತು, ಅಲ್ವಾ?

ಕೆರೆಯಲ್ಲಿ ನಾವೆಲ್ಲ ಈಜಿದ್ದು ಕಪ್ಪೆ ಈಜೇ. ಆದರೆ ಸ್ಪರ್ಧೆಯಲ್ಲಿ ನಿಯಮ ಬಿಗಿ. ಎರಡೂ ಕೈ ಒಟ್ಟಿಗೆ ಚಲಿಸಬೇಕು, ಕಾಲೂ ಹಾಗೆಯೇ. ತಿರುವಿನಲ್ಲಿ, ಕೊನೆಯಲ್ಲಿ ಎರಡು ಕೈಯೂ ಒಂದೇ ಸಲ ಗೋಡೆ ಮುಟ್ಟಬೇಕು. ಒಂದು ಕೈ ತಡವಾದರೆ ಆ ಈಜು ಲೆಕ್ಕಕ್ಕೇ ಇಲ್ಲ. ಕೆರೆಯಲ್ಲಿ ಗೋಡೆಯೇ ಇಲ್ಲವಲ್ಲ, ಹಾಗಾಗಿ ತಿರುವು ಕಲಿಯಲು ಈಜುಕೊಳ ಬೇಕೇ ಬೇಕು.

ಇನ್ನೊಂದು, ಮಂಡಿ. ಕಾಲನ್ನು ಹೊರಗೆ ಬೀಸಿ ಒದೆಯುವುದರಿಂದ ಮಂಡಿಯ ಒಳಬದಿ ನೋಯುವುದು ಈ ಈಜುಗಾರರಿಗೆ ಮಾಮೂಲಿ. ನೋವಿದ್ದರೂ ಸುಮ್ನೆ ಈಜಿಸಬೇಡಿ. ಅಂಥ ದಿನ ಬೇರೆ ಶೈಲಿ ಮಾಡಿಸಿ.

ಅಂದ ಹಾಗೆ, 2028ರ ಲಾಸ್ ಏಂಜಲೀಸ್‌ನಿಂದ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಕೂಡ ಒಲಿಂಪಿಕ್ಸ್‌ಗೆ ಸೇರಿದೆ. ಈಚಿನ ದಶಕಗಳಲ್ಲಿ ಇದ್ದದ್ದು 100 ಮತ್ತು 200 ಮಾತ್ರ.