ವೇಕ್‌ಮನ್ 2023ರ ಆಲ್ಬಮ್: ಬೈಯುವ ಮುಂಚೆ ಒಂದು ಸಲ ಹೀಗೆ ಕೇಳಿ

ದಾವಣಗೆರೆಯ ತಮ್ಮ ಕೇಳಿದ ಪ್ರಶ್ನೆಗೆ ನಾಲ್ಕು ಸಾಲು ಬರೆಯೋಣ ಅಂತ ಕೂತೆ, ಉದ್ದ ಆಗಿಹೋಯಿತು. ಕಾಫಿ ಇಟ್ಟುಕೊಂಡು ಓದಿ.

ಕೆಳಗೆ ಇಳಿದು ಹುಡುಕಲು ಬೇಜಾರಾದವರಿಗೆ, ಪ್ರಶ್ನೆ ಇಷ್ಟು. ಬ್ರಿಟನ್ನಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅವರ ‘ದ ರೆಡ್ ಪ್ಲಾನೆಟ್’ ಆಲ್ಬಮ್ ಕೇಳಿ ಇವರಿಗೆ ಹುಚ್ಚು ಹಿಡಿದಿದೆ. ಹೊಸದು ಬಂತು ಅಂತ ‘ಎ ಗ್ಯಾಲರಿ ಆಫ್ ದಿ ಇಮ್ಯಾಜಿನೇಶನ್’ ಹಾಕಿ, ಅರ್ಧಕ್ಕೇ ನಿಲ್ಲಿಸಿದ್ದಾರೆ. ‘ಬರೀ ಹಾಡು. ನನ್ನ ಕಿವಿ ಸರಿ ಇಲ್ವಾ, ಆಲ್ಬಮ್ ಸರಿ ಇಲ್ವಾ? ಆ ಹಳೇ ಮೂಗ್ ಸೌಂಡು ನನ್ನ 61 ಕೀ ಕೀಬೋರ್ಡಿನಲ್ಲಿ ಬರುತ್ತಾ?’ ಅಂತ ಕೇಳಿದ್ದಾರೆ. ಬಂದ ಉತ್ತರಗಳಲ್ಲಿ ಅರ್ಧ ‘ವಯಸ್ಸಾಯಿತು, ಬಿಡಿ’. ಇನ್ನರ್ಧ ‘ಲೆಜೆಂಡ್, ಬಾಯಿ ಮುಚ್ಚಿ’. ಎರಡೂ ಕಡೆಯವರು ಆಲ್ಬಮ್ ಪೂರ್ತಿ ಕೇಳಿಲ್ಲ ಅಂತ ನನ್ನ ಗುಮಾನಿ.

ಮೊದಲು ಒಂದು ಸಣ್ಣ ವಿಷಯ. ಅದು ಮೂಗ್ ಅಲ್ಲ, ಮೋಗ್. ಅದೊಂದು ಸಿಂಥ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ; ಕಂಡುಹಿಡಿದವರ ಹೆಸರು ರಾಬರ್ಟ್ ಮೋಗ್. ನಾನೂ ಹದಿನೈದು ವರ್ಷ ಮೂಗು ಮೂಗು ಅಂತಲೇ ಹೇಳಿಕೊಂಡು ತಿರುಗಿದವನು, ಆದ್ದರಿಂದ ನಾಚಿಕೊಳ್ಳಬೇಡಿ.

ಈಗ ಆಲ್ಬಮ್. ನಿಮ್ಮ ಕಿವಿ ಸರಿ ಇದೆ. ನೀವು ಕೇಳಿದ ಕ್ರಮ ಎಡವಟ್ಟಾಗಿದೆ, ಅಷ್ಟೇ. ‘ರೆಡ್ ಪ್ಲಾನೆಟ್’ 2020ರಲ್ಲಿ ಬಂತು. ಎಂಟು ಟ್ರ್ಯಾಕ್, ಒಂದರಲ್ಲೂ ಹಾಡುಗಾರಿಕೆ ಇಲ್ಲ. 1973ರಲ್ಲಿ ಅವರು ಎಂಟನೇ ಹೆನ್ರಿ ರಾಜನ ಆರು ಹೆಂಡತಿಯರ ಮೇಲೆ ಒಂದು ವಾದ್ಯಸಂಗೀತದ ಆಲ್ಬಮ್ ಮಾಡಿದ್ದರು, ಹೆಂಡತಿಗೊಂದು ಟ್ರ್ಯಾಕ್. ಆ ಕಾಲದ ಧಾಟಿಗೆ ಬೇಕೆಂದೇ ವಾಪಸ್ ಹೋದದ್ದು ‘ರೆಡ್ ಪ್ಲಾನೆಟ್’. ಚರ್ಚ್ ಆರ್ಗನ್, ಹ್ಯಾಮಂಡ್ ಅನ್ನುವ ವಿದ್ಯುತ್ ಆರ್ಗನ್, ಮೋಗ್‌ನ ಚಿಕ್ಕ ಮಾದರಿ ಮಿನಿಮೋಗ್, ಕೋರಸ್ ದನಿ, ಎಲ್ಲ ಹಳೇ ಸರಕು ಹೊಸ ರೆಕಾರ್ಡಿಂಗಿನಲ್ಲಿ. ನಲವತ್ತು ವರ್ಷದಿಂದ ಕಾದು ಕೂತಿದ್ದವರಿಗೆ ಹಬ್ಬದೂಟ ಹಾಕಿದ ಹಾಗಾಯಿತು. ಹಾಗಿರುವಾಗ ಮೂರು ವರ್ಷಕ್ಕೆ, ಫೆಬ್ರವರಿ 24, 2023ರಂದು ಇನ್ನೊಂದು ಬಂತು ಅಂದರೆ ಜನ ಏನು ನಿರೀಕ್ಷೆ ಮಾಡುತ್ತಾರೆ? ಎರಡನೇ ಪಂಕ್ತಿ. ಬಂದದ್ದು ಬೇರೆ ಅಡುಗೆ.

ಹೊಸದರಲ್ಲಿ ಹನ್ನೆರಡು ಟ್ರ್ಯಾಕ್. ಅದರಲ್ಲಿ ಹಲವನ್ನು ಹೇಲಿ ಸ್ಯಾಂಡರ್ಸನ್ ಹಾಡಿದ್ದಾರೆ. ಬ್ರಿಟನ್ನಿನ ಟಿವಿಯಲ್ಲಿ ಬರುವ ದೊಡ್ಡ ಡ್ಯಾನ್ಸ್ ಕಾರ್ಯಕ್ರಮದ ಬ್ಯಾಂಡಿನ ಗಾಯಕಿ ಅವರು. ಗಿಟಾರ್ ಡೇವ್ ಕೊಹೂನ್, ಬೇಸ್ ಲೀ ಪಾಮರಾಯ್, ಇಬ್ಬರೂ ‘ರೆಡ್ ಪ್ಲಾನೆಟ್’ನಲ್ಲಿ ಇದ್ದವರೇ. ಡ್ರಮ್ಸ್ ಮಾತ್ರ ಬದಲು, ಆ್ಯಶ್ ಸೋನ್ ಜಾಗದಲ್ಲಿ ಆ್ಯಡಂ ಫಾಕ್ನರ್. ಅಂದರೆ ತಂಡ ಬಹುಪಾಲು ಅದೇ, ಉದ್ದೇಶ ಬೇರೆ.

ಉದ್ದೇಶ ಏನು ಅಂದರೆ, ವೇಕ್‌ಮನ್ ಐದನೇ ವಯಸ್ಸಿಗೆ ಪಿಯಾನೋ ಪಾಠಕ್ಕೆ ಹೋದರು. ಕಲಿಸಿದವರು ಮಿಸೆಸ್ ಸೈಮ್ಸ್. ನುಡಿಸುವಾಗ ಕಣ್ಣ ಮುಂದೆ ಚಿತ್ರ ಬರೆಯುತ್ತಿದ್ದೀಯ ಅಂತ ತಿಳಿದು ನುಡಿಸು ಅನ್ನುವುದು ಅವರ ಪಾಠ. ಆ ಪಾಠಕ್ಕೆ ಕಾಣಿಕೆ ಈ ಆಲ್ಬಮ್. ಗ್ಯಾಲರಿ ಅನ್ನುವ ಹೆಸರು ಅದಕ್ಕೇ. ಒಂದೊಂದು ಟ್ರ್ಯಾಕ್ ಗೋಡೆಗೆ ತೂಗುಹಾಕಿದ ಒಂದೊಂದು ಚಿತ್ರ. ಒಂದು ಚಿತ್ರದಿಂದ ಇನ್ನೊಂದಕ್ಕೆ ಕಥೆ ಮುಂದುವರಿಯಬೇಕು ಅಂತ ಇಲ್ಲ.

ಹಾಗಂತ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಮೊದಲ ಟ್ರ್ಯಾಕ್ ‘ಹಿಡನ್ ಡೆಪ್ತ್ಸ್’ ಜೋರಾಗಿ ಎದ್ದು ಆಸೆ ಹುಟ್ಟಿಸುತ್ತದೆ. ಆಮೇಲೆ ಎರಡು ಹಾಡು ಬಂದ ಕೂಡಲೇ ಗಾಳಿ ಇಳಿಯುತ್ತದೆ. ಕೊನೆಯ ಭಾಗದಲ್ಲೂ ನಿಧಾನದ ಹಾಡುಗಳು ಸಾಲಾಗಿ ಕೂತುಬಿಟ್ಟಿವೆ. ಹಾಡುಗಾರಿಕೆಯಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಸಾಹಿತ್ಯ ಮಾತ್ರ ಅಲ್ಲಲ್ಲಿ ಸಕ್ಕರೆ ಜಾಸ್ತಿಯಾದ ಪಾಯಸ. ನನ್ನ ಲೆಕ್ಕದಲ್ಲಿ ಇಲ್ಲಿ ಗೆಲ್ಲುವುದು ಪಿಯಾನೋ. ‘ದ ಕ್ರೀಕ್’ ಮತ್ತು ‘ಜಸ್ಟ್ ಎ ಮೆಮೊರಿ’, ಇವೆರಡಕ್ಕೆ ಡ್ರಮ್ ಇಲ್ಲ, ಗಿಟಾರ್ ಇಲ್ಲ, ಬರೀ ಹತ್ತು ಬೆರಳು. ಎಪ್ಪತ್ತಮೂರು ವರ್ಷದ ಕೈಗೆ ಏನು ಗೊತ್ತು ಅನ್ನುವುದು ಅಲ್ಲಿ ಕೇಳಿಸುತ್ತದೆ. ನೀವು ಅರ್ಧಕ್ಕೆ ನಿಲ್ಲಿಸಿದಿರಿ ಅಂದರೆ ‘ಜಸ್ಟ್ ಎ ಮೆಮೊರಿ’ವರೆಗೆ ಬಂದೇ ಇಲ್ಲ, ಅಲ್ವಾ?

ಹೀಗೆ ಮಾಡಿ. ಆ ಎರಡನ್ನು ಮೊದಲು ಕೇಳಿ, ರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ಮೊಬೈಲ್ ಸ್ಪೀಕರಿನಲ್ಲಿ ಪಿಯಾನೋದ ಎಡಗೈ ಅರ್ಧ ಸತ್ತೇ ಹೋಗುತ್ತದೆ. ಮಾರನೇ ದಿನ ‘ಹಿಡನ್ ಡೆಪ್ತ್ಸ್’ ಮತ್ತು ‘ಕ್ಯೂಬನ್ ಕಾರ್ನಿವಲ್’. ಹಾಡುಗಳನ್ನು ಕೊನೆಗೆ ಇಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ. ಹಾಗೂ ಹಿಡಿಸಲಿಲ್ಲವಾ, ಬಿಟ್ಟುಬಿಡಿ. ಯಾರೂ ಕೇಸು ಹಾಕುವುದಿಲ್ಲ.

‘ಎಪ್ಪತ್ತರ ದಶಕದ ವೇಕ್‌ಮನ್ ಬೇಕು’ ಅಂದವರಿಗೆ ಒಂದು ನೆನಪು. ಆ ದಶಕದ ವೇಕ್‌ಮನ್ ಅಂದರೂ ಒಂದೇ ಥರ ಅಲ್ಲ. 1971ರಲ್ಲಿ ಡೇವಿಡ್ ಬೋವಿಯ ‘ಲೈಫ್ ಆನ್ ಮಾರ್ಸ್?’ ಹಾಡಿಗೆ ಪಿಯಾನೋ ನುಡಿಸಿದ್ದು ಅವರೇ. ಅದೇ ವರ್ಷ ಯೆಸ್ ಅನ್ನುವ ರಾಕ್ ಬ್ಯಾಂಡ್ ಸೇರಿದರು. 1974ರ ಜನವರಿ 18ರಂದು ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಆರ್ಕೆಸ್ಟ್ರಾ, ಕೋರಸ್, ಕಥೆ ಹೇಳುವ ನಟ, ಎಲ್ಲರನ್ನೂ ಕೂರಿಸಿ ಭೂಗರ್ಭಯಾತ್ರೆಯ ಕಥೆ ನುಡಿಸಿದರು. ಆ ಲೈವ್ ರೆಕಾರ್ಡು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದರಲ್ಲೂ ಹಾಡುಗಾರಿಕೆ ಬೇಕಾದಷ್ಟಿದೆ, ಯಾರೂ ತಕರಾರು ಎತ್ತುವುದಿಲ್ಲ. 1975ರಲ್ಲಿ ಆರ್ಥರ್ ರಾಜನ ಕಥೆಯನ್ನು ವೆಂಬ್ಲಿಯಲ್ಲಿ ಮಂಜಿನ ಮೇಲೆ ಸ್ಕೇಟಿಂಗ್ ಜೊತೆ ಆಡಿಸಿದರು. ನಮ್ಮ ಕಂಪನಿ ನಾಟಕದವರು ಸ್ಟೇಜಿನ ಮೇಲೆ ಕುದುರೆ ತಂದ ಹಾಗೆ.

ಅಭಿಮಾನಿಗಳು ತಲೆ ಮೇಲೆ ಹೊತ್ತು ತಿರುಗುವ ಯೆಸ್‌ನ ಆ ನಾಲ್ಕೇ ನಾಲ್ಕು ಉದ್ದನೆಯ ಹಾಡುಗಳ ಡಬಲ್ ಆಲ್ಬಮ್ ಇದೆಯಲ್ಲ, ಅದು ವೇಕ್‌ಮನ್‌ಗೆ ಹಿಡಿಸಿರಲೇ ಇಲ್ಲ. ಮ್ಯಾಂಚೆಸ್ಟರಿನಲ್ಲಿ ಅದನ್ನು ನುಡಿಸುವಾಗ ಸ್ಟೇಜಿನ ಮೇಲೇ ಕೋಳಿ ಸಾರು, ಹಪ್ಪಳ ಇಟ್ಟುಕೊಂಡು ತಿಂದ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಆಮೇಲೆ ಬ್ಯಾಂಡ್ ಬಿಟ್ಟರು. ಬೇಜಾರಾದರೆ ಹಪ್ಪಳ ತಿನ್ನುವ ಮನುಷ್ಯನಿಗೆ ‘ಹಳೇದನ್ನೇ ಮಾಡು’ ಅಂತ ಹೇಳಿ ಪ್ರಯೋಜನ ಇಲ್ಲ.

ಈಗ ಸೌಂಡಿಗೆ ಬರೋಣ, ನನಗೆ ಇಷ್ಟದ ಭಾಗ ಇದು. ಇಪ್ಪತ್ತೆರಡು ವರ್ಷ ರಸಮಂಜರಿಯಲ್ಲಿ ಕೀಬೋರ್ಡ್ ನುಡಿಸಿದ ಅನುಭವದಲ್ಲಿ ಹೇಳುತ್ತೇನೆ. ದುಬಾರಿ ಸಿಂಥ್ ಬೇಡ. ನಿಮ್ಮ ಕೀಬೋರ್ಡಿನಲ್ಲೇ ಮುಕ್ಕಾಲು ಪಾಲು ಬರುತ್ತದೆ.

ಮಿನಿಮೋಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುವ ವಾದ್ಯ. ವೇಕ್‌ಮನ್‌ಗೆ ಮೊದಲ ಮಿನಿಮೋಗ್ ಸಿಕ್ಕಿದ ಕಥೆಯೇ ಇದರ ಮೇಲೆ ನಿಂತಿದೆ. ಜ್ಯಾಕ್ ವೈಲ್ಡ್ ಅನ್ನುವ ನಟ, ‘ಇದು ಕೆಟ್ಟಿದೆ, ಒಂದೇ ಸ್ವರ ಬರುತ್ತೆ’ ಅಂದುಕೊಂಡು ಅಗ್ಗಕ್ಕೆ ಮಾರಿಬಿಟ್ಟನಂತೆ. ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ: ‘ಸಾ ಲೀಡ್’ ಅಥವಾ ‘ಅನಲಾಗ್ ಲೀಡ್’ ಅಂತಿರುವ ವಾಯ್ಸ್ ತೆಗೆದುಕೊಂಡು ಅದನ್ನು ಮೋನೋಗೆ, ಅಂದರೆ ಒಂದು ಸಲಕ್ಕೆ ಒಂದೇ ಸ್ವರ ಬರುವ ಹಾಗೆ, ಹಾಕಿ. ಪಾಲಿಯಲ್ಲಿ ಬಿಟ್ಟರೆ ಸ್ವರಗಳು ಒಂದರ ಮೇಲೊಂದು ಬಿದ್ದು ಮದುವೆ ಮನೆ ಆಗುತ್ತದೆ.

ಎರಡನೆಯದು, ಮುಕ್ಕಾಲು ಜನ ಮರೆಯುವುದು: ಟಚ್ ರೆಸ್ಪಾನ್ಸ್ ಆಫ್ ಮಾಡಿ. ಮಿನಿಮೋಗ್ ಆಗಲಿ, ಹ್ಯಾಮಂಡ್ ಆರ್ಗನ್ ಆಗಲಿ, ಕೀಯನ್ನು ಮೆಲ್ಲಗೆ ಒತ್ತಿದರೂ ಗುದ್ದಿದರೂ ಅದೇ ದನಿ. ಟಚ್ ಆನ್ ಇದ್ದರೆ ವೇಗದ ಓಟದಲ್ಲಿ ಕಿರುಬೆರಳಿನ ಸ್ವರಗಳು ಕಾಣೆಯಾಗುತ್ತವೆ. ‘ನನ್ನ ಕೈ ಓಡುತ್ತಿಲ್ಲ’ ಅಂತ ನೀವು ಸುಮ್ನೆ ಕೊರಗುತ್ತೀರಿ. ಕೈ ಓಡುತ್ತಿದೆ, ಮೆಷೀನು ನುಂಗುತ್ತಿದೆ.

ಮೂರನೆಯದು ಫಿಲ್ಟರ್, ಅಂದರೆ ದನಿ ಸೋಸುವ ಜಾಲರಿ. ಕಟ್ಆಫ್ ಅನ್ನುವುದನ್ನು ಸ್ವಲ್ಪ ಕೆಳಗಿಳಿಸಿ, ರೆಸೊನೆನ್ಸ್ ಚೂರು ಏರಿಸಿ. ಚುಚ್ಚುವ ದನಿ ಹೋಗಿ ಗುಂಡಗಾಗುತ್ತದೆ. ಪೋರ್ಟಮೆಂಟೋ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಅದು ಸಾರಿಗೆ ಉಪ್ಪು ಹಾಕಿದಷ್ಟೇ ಸಾಕು. ರಸಮಂಜರಿಯಲ್ಲಿ ಪಿಟೀಲಿನ ಬಿಟ್ ನುಡಿಸಿದವರಿಗೆ ಸ್ವರ ಬಾಗಿಸುವ ಪಿಚ್ ಬೆಂಡ್ ಮೇಲೆ ಕೈ ತಾನಾಗಿ ಹೋಗುತ್ತದೆ, ಗಮಕದ ಅಭ್ಯಾಸ. ವೇಕ್‌ಮನ್ ಸೋಲೋ ಕಲಿಯುವಾಗ ಆ ಕೈಯನ್ನು ಸ್ವಲ್ಪ ಕಟ್ಟಿಹಾಕಿ. ಅವರದು ಜಾರು ಕಡಿಮೆ, ಓಟ ಜಾಸ್ತಿ. ಪಿಯಾನೋ ಕಲಿತ ಬೆರಳುಗಳು ಮೋಗ್ ಮೇಲೆ ಓಡುತ್ತವೆ.

ಇನ್ನೊಂದು ಗುಟ್ಟು. ಹಳೇ ಮಿನಿಮೋಗಿನಲ್ಲಿ ಎರಡು ಕೀ ಒಟ್ಟಿಗೆ ಒತ್ತಿದರೆ ಕೆಳಗಿನ ಸ್ವರಕ್ಕೇ ಮೊದಲ ಮಣೆ. ಈಗಿನ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಒತ್ತಿದ್ದಕ್ಕೆ. ಹಾಗಾಗಿ ಹಳೇ ಸೋಲೋಗಳ ಕೆಲವು ತಿರುವು ನಿಮ್ಮ ಕೈಯಲ್ಲಿ ಹಾಗೇ ಬರದಿದ್ದರೆ ಬೆರಳನ್ನು ದೂರಬೇಡಿ. ಕಂಪ್ಯೂಟರ್ ಇದ್ದರೆ ಸರ್ಜ್ ಎಕ್ಸ್‌ಟಿ ಅನ್ನುವ ಸಿಂಥ್ ಪುಕ್ಕಟೆ ಸಿಗುತ್ತದೆ. ಕೀಬೋರ್ಡನ್ನು ಯುಎಸ್‌ಬಿಯಲ್ಲಿ ಜೋಡಿಸಿ, ಅದರಲ್ಲಿ ಇದನ್ನೆಲ್ಲ ಬದಲಾಯಿಸಿ ನೋಡಬಹುದು.

‘ರೆಡ್ ಪ್ಲಾನೆಟ್’ ಶುರುವಾಗುವ ಚರ್ಚ್ ಆರ್ಗನ್ ದನಿಗೆ ಹಾಲ್ ರಿವರ್ಬ್, ಅಂದರೆ ದೊಡ್ಡ ಹಾಲಿನ ಮಾರ್ದನಿ, ಬೇಕು. ಸ್ವರವನ್ನು ಎಳೆದು ಹಿಡಿಯುವ ಸಸ್ಟೇನ್ ಪೆಡಲ್ ಮಾತ್ರ ಮುಟ್ಟಬೇಡಿ. ಒಂದು ಗಣೇಶೋತ್ಸವದಲ್ಲಿ ನಾನು ಜಂಬಕ್ಕೆ ಆರ್ಗನ್ ಸೋಲೋ ಹಾಕಿ, ಅಭ್ಯಾಸಬಲದಿಂದ ಪೆಡಲ್ ಒತ್ತಿಯೇ ಇಟ್ಟಿದ್ದೆ. ಎಲ್ಲ ಸ್ವರ ಕಲಸಿ ಅಂಬಲಿ ಆಯಿತು. ಗಾಯಕಿ ಹಿಂದೆ ತಿರುಗಿ ನೋಡಿದ ನೋಟ ಇನ್ನೂ ಮರೆತಿಲ್ಲ. ಆರ್ಗನ್ನಿನಲ್ಲಿ ಒಂದು ಬೆರಳು ಏಳುವ ಮೊದಲೇ ಇನ್ನೊಂದು ಇಳಿಯಬೇಕು. ಜೋಡಣೆ ಬೆರಳಲ್ಲೇ, ಕಾಲಲ್ಲಲ್ಲ.

ಕೋರಸ್ ದನಿಗೆ ಮೆಲೊಟ್ರಾನ್ ಥರದ ವಾಯ್ಸ್ ಸಿಕ್ಕರೆ ಒಳ್ಳೆಯದು. ಮೆಲೊಟ್ರಾನ್ ಅಂದರೆ ಕೀಗೊಂದು ಟೇಪ್ ತುಂಡು, ಎಂಟು ಸೆಕೆಂಡಿನಷ್ಟು ಓಡಿ ಮುಗಿಯುತ್ತದೆ. ನೀವೂ ಅಷ್ಟರೊಳಗೆ ಸ್ವರ ಬದಲಿಸಿ, ಹಳೇ ಕಾಲದ ಉಸಿರು ತಾನಾಗಿ ಬರುತ್ತದೆ.

‘ರೆಡ್ ಪ್ಲಾನೆಟ್ ಟ್ರ್ಯಾಕ್ ಹೆಸರುಗಳೇನು ಲ್ಯಾಟಿನ್ನಾ?’ ಅಂತ ಒಬ್ಬರು ಕೇಳಿದ್ದಾರೆ. ಎಲ್ಲವೂ ಮಂಗಳ ಗ್ರಹದ ಜಾಗಗಳು. ಆಸ್ಕ್ರಿಯಸ್, ಪವೋನಿಸ್, ಆರ್ಸಿಯಾ, ಮೂರೂ ಒಂದೇ ಸಾಲಿನಲ್ಲಿರುವ ಜ್ವಾಲಾಮುಖಿಗಳು. ಒಲಿಂಪಸ್ ಮಾನ್ಸ್ ಸುಮಾರು 22 ಕಿಲೋಮೀಟರ್ ಎತ್ತರ. ಕೊನೆಯ ಟ್ರ್ಯಾಕ್ ‘ವ್ಯಾಲಿಸ್ ಮರಿನರಿಸ್’ ಸುಮಾರು 4,000 ಕಿಲೋಮೀಟರ್ ಉದ್ದದ ಕಮರಿ. ನಮ್ಮ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಅಲ್ಲಿ ಕಕ್ಷೆ ಸೇರಿದ ಮೇಲೆ ಆರ್ಸಿಯಾ ಮಾನ್ಸ್, ಈ ಕಮರಿಯ ಭಾಗಗಳು, ಎಲ್ಲದರ ಫೋಟೋ ಕಳಿಸಿತ್ತು. ಅದರ ನಿಯಂತ್ರಣ ಬೆಂಗಳೂರಿನ ಪೀಣ್ಯದಿಂದ ನಡೆಯುತ್ತಿತ್ತು. ಇಸ್ರೋದ ಆ ಫೋಟೋಗಳನ್ನು ಪರದೆ ಮೇಲೆ ಇಟ್ಟುಕೊಂಡು ಕೊನೆಯ ಟ್ರ್ಯಾಕ್ ಹಾಕಿ. ನಾನು ಮಗಳ ಜೊತೆ ಹಾಗೆ ಕೇಳಿದೆ. ಅವಳಿಗೆ ಸಂಗೀತ ಹಿಡಿಸಲಿಲ್ಲ, ಕಮರಿ ಹಿಡಿಸಿತು.

ಇನ್ನು ಕಲಿಯುವ ವಿಷಯ. ‘ರೆಡ್ ಪ್ಲಾನೆಟ್’ ಸೋಲೋದಿಂದ ಶುರು ಮಾಡಬೇಡಿ. ‘ದ ಕ್ರೀಕ್’ನ ಮೊದಲ ಅರ್ಧ ನಿಮಿಷ ತೆಗೆದುಕೊಳ್ಳಿ. ಟಚ್ ರೆಸ್ಪಾನ್ಸ್ ಈಗ ಮತ್ತೆ ಆನ್, ಇದು ಪಿಯಾನೋ. ಬರೀ ಎಡಗೈ ಒಂದು ವಾರ. ಆಮೇಲೆ ಬಲಗೈ. ಎಡಗೈಗಿಂತ ಬಲಗೈ ಸ್ವಲ್ಪ ಜೋರಾಗಿ ಕೇಳಬೇಕು, ಎರಡೂ ಕೈ ಒಂದೇ ತೂಕ ಹಾಕಿದರೆ ಚಿತ್ರ ಕಾಣುವುದಿಲ್ಲ. ನಿಮ್ಮ ಕೀಬೋರ್ಡಿಗೆ 61 ಕೀ ಅಂದಿರಿ. ಕೆಳಗೆ ಜಾಗ ಸಾಲದಿದ್ದರೆ ಬೇಸ್ ಸ್ವರವನ್ನು ಒಂದು ಸ್ಥಾಯಿ ಮೇಲೆ ತನ್ನಿ, ದೊಡ್ಡ ನಷ್ಟ ಇಲ್ಲ.

ನಿಮ್ಮ ಕೀಬೋರ್ಡಿನ ಕಂಪನಿ, ಮಾಡೆಲ್ ನಂಬರ್ ಇಲ್ಲೇ ಬರೆಯಿರಿ. ಮೋನೋ ಮತ್ತು ಟಚ್ ಯಾವ ಮೆನುವಿನಲ್ಲಿ ಅಡಗಿ ಕೂತಿವೆ ಅಂತ ನೋಡಿ ಹೇಳುತ್ತೇನೆ. ಭಾನುವಾರ ಸಂಜೆಯವರೆಗೆ ನನಗೆ ಪುರುಸೊತ್ತಿದೆ, ಆಮೇಲೆ ಜಾತ್ರೆ ಸೀಸನ್.